ಹರಳಿಗೆ ಒಪ್ಪಿಸಿದ ಬೆಳಕು ಮರಳಿ ಬಂದೀತೆ? ಘನವಸ್ತು ಕ್ವಾಂಟಮ್ ಸ್ಮೃತಿ: ಒಂದು ಸಮೀಕ್ಷೆ

1984ರ ಡಿಸೆಂಬರ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಂಪ್ಯೂಟರು, ವ್ಯವಸ್ಥೆ ಮತ್ತು ಸಂಕೇತ ಸಂಸ್ಕರಣೆ ಕುರಿತ ಅಂತರರಾಷ್ಟ್ರೀಯ ಸಮ್ಮೇಳನವೊಂದು ನಡೆಯಿತು. ಅದರ ನಡಾವಳಿಯ 175ರಿಂದ 179ನೇ ಪುಟದವರೆಗೆ ಅಮೆರಿಕದ ಚಾರ್ಲ್ಸ್ ಬೆನೆಟ್ ಮತ್ತು ಕೆನಡಾದ ಗಿಲ್ ಬ್ರಸಾರ್ ಬರೆದ ಪ್ರಬಂಧವಿದೆ. ಗುಟ್ಟಿನ ಕೀಲಿಕೈಯನ್ನು ಬೆಳಕಿನ ಒಂದೊಂದೇ ಕಣದ (ಫೋಟಾನಿನ) ಮೇಲೆ ಬರೆದು ಕಳಿಸಿದರೆ, ನಡುವೆ ಕದ್ದು ನೋಡಿದವನು ಸಿಕ್ಕಿಬೀಳದೆ ಇರಲಾರ ಎಂಬುದು ಅದರ ಸಾರ. ಕ್ವಾಂಟಮ್ ಗೂಢಲಿಪಿಯ ಶಾಸ್ತ್ರ ಬೆಳೆದದ್ದು ಆ ಐದು ಪುಟಗಳ ಮೇಲೆ. ಜಗತ್ತಿನ ಯಾವ ಮೂಲೆಯವರು ಈ ವಿಷಯ ಬರೆದರೂ ಲೇಖನದ ಕೊನೆಯ ಪಟ್ಟಿಯಲ್ಲಿ ‘ಬೆಂಗಳೂರು, 1984’ ಎಂದು ಕಾಣಿಸಲೇಬೇಕು. ಊರಿನವರಿಗೇ ಇದು ಅಷ್ಟಾಗಿ ಗೊತ್ತಿಲ್ಲ.

ಕಣವನ್ನು ಕಳಿಸುವ ಬಗೆಯನ್ನು ಆ ಪ್ರಬಂಧ ಹೇಳಿತು. ಕಳಿಸಿದ ಕಣವನ್ನು ನಡುದಾರಿಯಲ್ಲಿ ಹಿಡಿದು, ಕೆಡದಂತೆ ಇಟ್ಟುಕೊಂಡು, ಬೇಕಾದಾಗ ಬಿಡುವುದು ಹೇಗೆ ಎಂಬ ಪ್ರಶ್ನೆ ಆಮೇಲೆ ಎದ್ದಿತು. ಉತ್ತರಗಳಲ್ಲಿ ಹಲವು ಹುಟ್ಟಿದ್ದು ಬೆರಳ ತುದಿಯಷ್ಟು ಹರಳುಗಳಲ್ಲಿ. ಆ ಉತ್ತರಗಳ ನಡುವೆ ಜಿನೀವಾದ ಮಿಕಾಯೆಲ್ ಅಫ್ಜೆಲಿಯಸ್ ಎಂಬ ಭೌತವಿಜ್ಞಾನಿಯ ಹೆಸರು ಮತ್ತೆ ಮತ್ತೆ ಬರುತ್ತದೆ. ಅವರ ಕೆಲಸ ಏನನ್ನು ಬದಲಿಸಿತು, ಏನನ್ನು ಬದಲಿಸಲಿಲ್ಲ ಎಂಬುದನ್ನು ತೂಗಬೇಕಾದರೆ ಎದುರಾಳಿಗಳ ಮಾತನ್ನೂ ಕೇಳಬೇಕಾಗುತ್ತದೆ.

ದೂರದ ಲೆಕ್ಕ

ವಿಜಯಪುರ ಜಿಲ್ಲೆಯ ಸಿಂದಗಿ ಸೀಮೆಯ ಕನ್ನೊಳ್ಳಿಯಿಂದ ಬೆಂಗಳೂರಿಗೆ ರಸ್ತೆಯ ಮೇಲೆ ಐನೂರು ಕಿಲೋಮೀಟರಿಗೂ ಹೆಚ್ಚು. ಲೆಕ್ಕ ಸುಲಭವಾಗಲೆಂದು ಐನೂರು ಎಂದೇ ಹಿಡಿಯೋಣ. ಅಷ್ಟುದ್ದ ಒಳ್ಳೆಯ ಆಪ್ಟಿಕಲ್ ಫೈಬರ್ ಎಳೆದು ಈ ತುದಿಯಿಂದ ಫೋಟಾನ್‌ಗಳನ್ನು ಬಿಟ್ಟರೆ ಪ್ರತಿ 50 ಕಿಲೋಮೀಟರಿಗೆ ಹತ್ತರಲ್ಲಿ ಒಂಬತ್ತು ಕಳೆದುಹೋಗುತ್ತವೆ. ಬೆಂಗಳೂರು ಮುಟ್ಟುವುದು ಸಾವಿರ ಕೋಟಿಗೆ ಒಂದು. ಸೆಕೆಂಡಿಗೆ ಸಾವಿರ ಕೋಟಿ ಕಣ ಉಗುಳುವ ಯಂತ್ರವಿದ್ದರೆ ಸೆಕೆಂಡಿಗೊಂದು ಸಿಕ್ಕೀತು. ದೂರವನ್ನು ಸಾವಿರ ಕಿಲೋಮೀಟರಿಗೆ ಏರಿಸಿದರೆ ಅದೇ ಯಂತ್ರದಿಂದ ಒಂದು ಕಣ ಸಿಗಲು ಮುನ್ನೂರು ವರ್ಷ ಕಾಯಬೇಕು.

ನಮ್ಮ ದಿನನಿತ್ಯದ ಇಂಟರ್ನೆಟ್ಟಿಗೆ ಈ ಕಷ್ಟವಿಲ್ಲ. ದಾರಿಯಲ್ಲಿ ಅಲ್ಲಲ್ಲಿ ಸಂಕೇತವನ್ನು ಹಿಗ್ಗಿಸಿ ಮುಂದಕ್ಕೆ ತಳ್ಳುತ್ತಾರೆ. ಒಂದೇ ಫೋಟಾನಿನ ಸ್ಥಿತಿಯನ್ನು ಹಾಗೆ ಹಿಗ್ಗಿಸಲಾಗದು. ಅಪರಿಚಿತ ಕ್ವಾಂಟಮ್ ಸ್ಥಿತಿಯ ನಕಲು ತೆಗೆಯಲು ನಿಸರ್ಗವೇ ಬಿಡುವುದಿಲ್ಲ ಎಂದು 1982ರಲ್ಲಿ ವೂಟರ್ಸ್ ಮತ್ತು ಜೂರೆಕ್ ತೋರಿಸಿದ್ದರು. ಕಳ್ಳನನ್ನು ಹಿಡಿದುಕೊಡುವುದೂ ಇದೇ ನಿಯಮ, ದೂರ ಹೋಗದಂತೆ ಕಟ್ಟಿಹಾಕುವುದೂ ಇದೇ ನಿಯಮ.

1998ರಲ್ಲಿ ಬ್ರೀಗೆಲ್, ಡ್ಯೂರ್, ಸಿರಾಕ್, ಜೋಲರ್ ಎಂಬ ನಾಲ್ವರು ಇದರಿಂದ ಪಾರಾಗುವ ದಾರಿಯೊಂದನ್ನು ಸೂಚಿಸಿದರು: ಕ್ವಾಂಟಮ್ ರಿಪೀಟರ್. ಐನೂರು ಕಿಲೋಮೀಟರನ್ನು ನೂರರ ಐದು ತುಂಡು ಮಾಡಿ, ಪ್ರತಿ ತುಂಡಿನ ಎರಡು ತುದಿಗಳ ನಡುವೆ ಒಂದರ ಸ್ಥಿತಿಯನ್ನು ಇನ್ನೊಂದಕ್ಕೆ ಬೆಸೆಯುವ ಕ್ವಾಂಟಮ್ ಹೆಣಿಗೆ (ಎಂಟ್ಯಾಂಗಲ್‌ಮೆಂಟ್) ಹಾಕಿ, ಆಮೇಲೆ ತುಂಡುಗಳನ್ನು ಜೋಡಿಸುವುದು. ಒಂದೊಂದು ತುಂಡು ಕೈಗೂಡುವ ಸಾಧ್ಯತೆ ಈಗ ನೂರಕ್ಕೆ ಒಂದು. ಆದರೆ ಐದೂ ಒಂದೇ ಕ್ಷಣದಲ್ಲಿ ಗೆಲ್ಲಬೇಕೆಂದರೆ ಮತ್ತೆ ಅದೇ ಸಾವಿರ ಕೋಟಿಯ ಲೆಕ್ಕ. ಮೊದಲು ಗೆದ್ದ ತುಂಡು ಉಳಿದವು ಗೆಲ್ಲುವ ತನಕ ತನ್ನ ಸ್ಥಿತಿಯನ್ನು ಕಾಪಿಟ್ಟುಕೊಂಡು ಕಾಯಬೇಕು. ಕಾಯಬಲ್ಲ ಆ ವಸ್ತುವಿಗೆ ಕ್ವಾಂಟಮ್ ಸ್ಮೃತಿ ಎಂದು ಹೆಸರು.

ಮಾಣಿಕ್ಯ ಮತ್ತು ವಜ್ರ

ಹರಳು ಬೆಳಕನ್ನು ನೆನಪಿಟ್ಟುಕೊಳ್ಳುತ್ತದೆ ಎಂಬುದು ಕ್ವಾಂಟಮ್ ಜಾಲದ ಕನಸಿಗಿಂತ ಹಳೆಯ ಅರಿವು. 1964ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಕರ್ನಿಟ್, ಅಬೆಲ್ಲಾ, ಹಾರ್ಟ್‌ಮನ್ ಅವರು ದ್ರವ ಹೀಲಿಯಮ್ಮಿನ ಶೈತ್ಯದಲ್ಲಿಟ್ಟ ಮಾಣಿಕ್ಯದ ಮೇಲೆ ಲೇಸರಿನ ಎರಡು ಮಿಡಿತಗಳನ್ನು ಬಿಟ್ಟರು. ಎರಡಕ್ಕೆ ಉತ್ತರವಾಗಿ, ಯಾರೂ ಬಿಡದ ಮೂರನೆಯ ಮಿಡಿತ ಹರಳಿನಿಂದ ಹೊರಬಂತು. ಅದನ್ನು ಫೋಟಾನ್ ಪ್ರತಿಧ್ವನಿ ಎನ್ನುತ್ತಾರೆ. 1950ರಲ್ಲಿ ಎರ್ವಿನ್ ಹಾನ್ ಪರಮಾಣು ಬೀಜಗಳ ಗಿರಕಿಯಲ್ಲಿ (ಸ್ಪಿನ್) ಕಂಡಿದ್ದನ್ನೇ ಇವರು ಬೆಳಕಿನಲ್ಲಿ ಕಂಡರು.

ವಿಜಯಪುರದವರಿಗೆ ಪ್ರತಿಧ್ವನಿ ಹೇಳಿಕೊಡಬೇಕಾಗಿಲ್ಲ. ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ಹಲವು ಸಲ ಮರಳುತ್ತದೆ. ಆದರೆ ಅಲ್ಲಿ ದನಿ ಗೋಡೆಗೆ ಬಡಿದು ತಿರುಗಿ ಬರುತ್ತದೆ. ಎಷ್ಟು ಹೊತ್ತಿಗೆ ಬರಬೇಕೆಂಬುದನ್ನು 1656ರಲ್ಲೇ ಕಟ್ಟಿ ಮುಗಿಸಿದ ಗುಮ್ಮಟ ಗೊತ್ತುಮಾಡಿಬಿಟ್ಟಿದೆ. ಹರಳಿನಲ್ಲಿ ಬೆಳಕು ಎಲ್ಲಿಗೂ ಬಡಿಯುವುದಿಲ್ಲ. ಕೋಟಿ ಕೋಟಿ ಅಯಾನುಗಳು ಅದನ್ನು ಒಟ್ಟಾಗಿ ನುಂಗುತ್ತವೆ, ಒಂದೊಂದೂ ತನ್ನದೇ ತಾಳದಲ್ಲಿ ಕಂಪಿಸುತ್ತ ಚದರಿಹೋಗುತ್ತದೆ. ಮತ್ತೆ ಎಲ್ಲವೂ ಒಂದೇ ತಾಳಕ್ಕೆ ಬಂದ ಗಳಿಗೆಯಲ್ಲಿ ಬೆಳಕು ಹೊರಬೀಳುತ್ತದೆ. ಚದರಿದ ತಾಳವನ್ನು ಮರಳಿ ಕೂಡಿಸುವ ವಿಧಾನ ಯಾವುದು? ಈ ಕ್ಷೇತ್ರದ ಹೆಚ್ಚಿನ ಜಗಳ ಇದೊಂದರ ಸುತ್ತಲೇ.

ಇಲ್ಲಿ ಬೆಂಗಳೂರಿನ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಮಾಣಿಕ್ಯ ಮತ್ತು ವಜ್ರ ಬೆಳಕಿನೊಡನೆ ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು 1940ರಿಂದ 1945ರವರೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಪ್ರಯೋಗಾಲಯದಲ್ಲಿ ಅನ್ನಾ ಮಣಿ ಪರೀಕ್ಷಿಸಿದ್ದರು. ವಜ್ರಗಳನ್ನು ದ್ರವ ವಾಯುವಿನ ಶೈತ್ಯದಲ್ಲಿಟ್ಟು, ಅವು ಸೂಸುವ ಮಂದ ಬೆಳಕನ್ನು ಛಾಯಾಫಲಕದ ಮೇಲೆ ತಾಸುಗಟ್ಟಲೆ ಬೀಳಿಸಿ ವರ್ಣಪಟಲ ತೆಗೆಯುವ ಕೆಲಸ. ಎಂ.ಎಸ್‌ಸಿ. ಇಲ್ಲವೆಂದು ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ಪಿಎಚ್.ಡಿ. ಕೊಡಲಿಲ್ಲ, ಅವರು ಹವಾಮಾನ ಉಪಕರಣಗಳ ಕಡೆ ಹೊರಳಿ ಅಲ್ಲಿ ದೊಡ್ಡ ಹೆಸರು ಮಾಡಿದರು. ಕ್ವಾಂಟಮ್ ಸ್ಮೃತಿಗೂ ಅವರಿಗೂ ನೇರ ಸಂಬಂಧವಿಲ್ಲ, ಇದೆಯೆಂದು ಎಳೆದು ಕಟ್ಟುವುದೂ ಸಲ್ಲದು. ಆದರೂ ಇಂದಿನ ಪ್ರಯೋಗಾಲಯಗಳ ಮೊದಲ ಕೆಲಸ ಅದೇ: ಹರಳನ್ನು ತಣಿಸಿ, ಅದರೊಳಗಿನ ಕಲ್ಮಷ ಯಾವ ಬಣ್ಣದ ಬೆಳಕಿಗೆ ಓಗೊಡುತ್ತದೆ ಎಂದು ತಾಳ್ಮೆಯಿಂದ ನೋಡುವುದು.

1982ರ ಹೊತ್ತಿಗೆ ಥಾಮಸ್ ಮಾಸ್‌ಬರ್ಗ್ ಫೋಟಾನ್ ಪ್ರತಿಧ್ವನಿಯಿಂದ ದತ್ತಾಂಶ ಶೇಖರಿಸಬಹುದೆಂದರು. ಪ್ರಖರ ಬೆಳಕಿಗೆ ಅದು ನಿಜವೂ ಆಗಿತ್ತು. ಒಂಟಿ ಫೋಟಾನಿಗೆ ಬಂದಾಗ ಆ ಉಪಾಯ ಮುಗ್ಗರಿಸಿತು. ತಾಳ ಕೂಡಿಸಲು ಬಿಡುವ ಎರಡನೆಯ ಮಿಡಿತ ಹರಳಿನ ಅಯಾನುಗಳನ್ನೆಲ್ಲ ಕೆರಳಿಸಿಬಿಡುತ್ತದೆ. ಆ ಗದ್ದಲದಲ್ಲಿ ನಮ್ಮ ಒಂದು ಕಣ ಯಾವುದೆಂದು ಗುರುತಿಸುವವರು ಯಾರು?

ಬೆಳಕನ್ನು ನಿಧಾನಿಸುವವರು

ಮೊದಲ ಉತ್ತರ ಬಂದದ್ದು ಅನಿಲದಿಂದ. ಅಪಾರದರ್ಶಕ ಪರಮಾಣು ಮೋಡಕ್ಕೆ ಇನ್ನೊಂದು ಲೇಸರು ಹಾಯಿಸಿ ಅದನ್ನು ಪಾರದರ್ಶಕ ಮಾಡಬಹುದೆಂದು ಸ್ಟ್ಯಾನ್‌ಫರ್ಡಿನ ಸ್ಟೀಫನ್ ಹ್ಯಾರಿಸ್ ಗುಂಪು 1991ರಲ್ಲಿ ತೋರಿಸಿತ್ತು. ಹಾಗೆ ತೆರೆದ ಕಿಂಡಿಯಲ್ಲಿ ಬೆಳಕು ತೆವಳುತ್ತದೆ: 1999ರಲ್ಲಿ ಲೇನ್ ಹೌ ತಂಡ ಅತಿಶೀತ ಸೋಡಿಯಂ ಮೋಡದಲ್ಲಿ ಅದನ್ನು ಸೆಕೆಂಡಿಗೆ 17 ಮೀಟರಿಗೆ ಇಳಿಸಿತು. 2001ರಲ್ಲಿ ಎರಡು ತಂಡಗಳು ಅದನ್ನು ನಿಲ್ಲಿಸಿಯೇಬಿಟ್ಟವು.

ಮರುವರ್ಷವೇ ಈ ವಿದ್ಯೆ ಹರಳಿಗೆ ದಾಟಿತು. ಇಟ್ರಿಯಂ ಆರ್ಥೋಸಿಲಿಕೇಟ್ ಎಂಬ ಹರಳಿನಲ್ಲಿ ಚಿಟಿಕೆ ಪ್ರಸಿಯೋಡಿಮಿಯಂ ಬೆರೆಸಿದರೆ ಸಾಕು. ವಿರಳ ಭಸ್ಮ ಧಾತುಗಳ ವಿಶೇಷ ಇದು: ಅವುಗಳ ಒಳಕವಚದ ಎಲೆಕ್ಟ್ರಾನುಗಳಿಗೆ ಹೊರಕವಚಗಳು ಮರೆಯಾಗಿ ನಿಂತಿರುತ್ತವೆ. ಹರಳಿನೊಳಗಿದ್ದರೂ ಅವು ಹೊರಗಿನ ತಳ್ಳಾಟ ತಾಗದಂತೆ ಇರಬಲ್ಲವು. 2005ರಲ್ಲಿ ಲಾಂಗ್‌ಡೆಲ್, ಸೆಲ್ಲರ್ಸ್ ಮೊದಲಾದವರು ಬೆಳಕನ್ನು ಒಂದು ಸೆಕೆಂಡಿಗಿಂತ ಹೆಚ್ಚು ಕಾಲ ಇಟ್ಟುಕೊಂಡರು. 2013ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಥಾಮಸ್ ಹಾಲ್ಫ್‌ಮನ್ ಗುಂಪು ಅದನ್ನು ಒಂದು ನಿಮಿಷಕ್ಕೆ ಒಯ್ದಿತು. ಇವೆಲ್ಲ ಪ್ರಖರ ಬೆಳಕಿನ ಮಿಡಿತಗಳು, ಒಂಟಿ ಕಣಗಳಲ್ಲ ಎಂಬುದನ್ನು ಪತ್ರಿಕೆಗಳು ಅಷ್ಟಾಗಿ ಹೇಳಲಿಲ್ಲ. ಕಾಲ ಉದ್ದವಾಯಿತು, ಆದರೆ ಕಿಂಡಿ ಕಿರಿದು. ಒಮ್ಮೆಗೆ ಹಲವು ಮಿಡಿತಗಳನ್ನು ತುಂಬಲು ಹೋದರೆ ಈ ವಿಧಾನ ಬೇಗ ಬಳಲುತ್ತದೆ.

ಕ್ಯಾನ್‌ಬೆರಾದವರ ಹಟ

ರಷ್ಯದ ಮೊಯಿಸೇವ್ ಮತ್ತು ಸ್ವೀಡನ್ನಿನ ಸ್ಟೆಫಾನ್ ಕ್ರೋಲ್ 2001ರಲ್ಲಿ ಇನ್ನೊಂದು ದಾರಿ ಹಿಡಿದರು. ಕೆರಳಿಸುವ ಮಿಡಿತವೇ ಬೇಡ. ಅಯಾನುಗಳ ತಾಳ ಎಷ್ಟು ಚದರಿದೆಯೋ ಅಷ್ಟನ್ನೇ ತಿರುಗುಮುರುಗು ಮಾಡಿದರೆ ಅವು ಹೋದ ಹಾದಿಯಲ್ಲೇ ಮರಳುತ್ತವೆ. ಹರಳಿನ ಎರಡು ತುದಿಗೆ ವಿದ್ಯುತ್ ಕೊಟ್ಟು, ಧನ ಋಣ ಅದಲುಬದಲು ಮಾಡಿ ಇದನ್ನು 2006ರಲ್ಲಿ ಮಾಡಿ ತೋರಿಸಿದ್ದು ಆಸ್ಟ್ರೇಲಿಯದ ಕ್ಯಾನ್‌ಬೆರಾದ ತಂಡ. 2010ರಲ್ಲಿ ಮಾರ್ಗನ್ ಹೆಜಸ್, ಮ್ಯಾಥ್ಯೂ ಸೆಲ್ಲರ್ಸ್ ಮೊದಲಾದವರು ಇಟ್ಟ ಬೆಳಕಿನಲ್ಲಿ 69 ಪ್ರತಿಶತ ಮರಳಿ ಪಡೆದರು. ಅರ್ಧಕ್ಕಿಂತ ಹೆಚ್ಚು ಸಿಕ್ಕಿತೆಂದರೆ ಉಳಿದದ್ದನ್ನು ಕದ್ದವನ ಬಳಿ ಅದಕ್ಕಿಂತ ಒಳ್ಳೆಯ ಪ್ರತಿ ಇರಲಾರದು. ಹಾಗಾಗಿ ಅದು ಬರೀ ಅಂಕಿಯಲ್ಲ, ಒಂದು ಗಡಿ ದಾಟಿದ ಗುರುತು.

ಸೆಲ್ಲರ್ಸ್ ಪಂಥದ ಇನ್ನೊಂದು ಹಟ ಕಾಲದ ಮೇಲೆ. 2015ರಲ್ಲಿ ಮಂಜಿನ್ ಝೋಂಗ್ ಮತ್ತು ಸಂಗಡಿಗರು ಯುರೋಪಿಯಂ ಬೆರೆಸಿದ ಹರಳನ್ನು ಸುಮಾರು 2 ಕೆಲ್ವಿನ್ನಿಗೆ ತಣಿಸಿ, ಕಾಂತಕ್ಷೇತ್ರವನ್ನು ಒಂದು ನಿಖರ ಬಿಂದುವಿಗೆ ತಂದು, ಅಯಾನುಗಳ ಗಿರಕಿ ಆರು ತಾಸು ತಾಳ ತಪ್ಪದಂತೆ ಇರಬಲ್ಲದೆಂದರು. ಆರು ತಾಸು! ಅಷ್ಟು ಹೊತ್ತು ಉಳಿಯುವ ಹರಳನ್ನು ವ್ಯಾನಿನಲ್ಲಿಟ್ಟು ಊರಿಂದೂರಿಗೆ ಸಾಗಿಸಿದರೆ ಫೈಬರ್ ಯಾಕೆ ಬೇಕು ಎಂಬ ಚೇಷ್ಟೆಯ ಪ್ರಶ್ನೆಯೂ ಎದ್ದಿತು. ಚೇಷ್ಟೆಯೆಂದು ತಳ್ಳಿಹಾಕುವಂತಿಲ್ಲ, ಅದರ ಲೆಕ್ಕ ಗಟ್ಟಿಯಿದೆ. ಆದರೆ ಅಳೆದದ್ದು ಗಿರಕಿಯ ಬಾಳಿಕೆಯನ್ನು. ಬೆಳಕನ್ನು ಇಟ್ಟು ತೆಗೆದದ್ದಲ್ಲ.

ಜಿನೀವಾದ ಬಾಚಣಿಗೆ

ಈಗ ಅಫ್ಜೆಲಿಯಸ್. ಸ್ವೀಡನ್ನಿನ ಲುಂಡ್‌ನಿಂದ ಜಿನೀವಾದ ನಿಕೋಲಾಸ್ ಜಿಸಾನ್ ಗುಂಪಿಗೆ ಬಂದ ಅವರು 2009ರಲ್ಲಿ ಕ್ರಿಸ್ಟೋಫ್ ಸೈಮನ್, ಹ್ಯೂಗ್ ಡಿ ರೀಡ್‌ಮ್ಯಾಟನ್ ಮತ್ತು ಜಿಸಾನ್ ಜೊತೆ ಸೇರಿ ಒಂದು ವಿಧಾನ ಪ್ರಕಟಿಸಿದರು. ಉಳಿದವರು ಹರಳಿನ ಅಯಾನುಗಳ ತಾಳಭೇದವನ್ನು ರೋಗವೆಂದು ಬಗೆದಿದ್ದರು. ಇವರು ಅದನ್ನೇ ಬಂಡವಾಳ ಮಾಡಿಕೊಂಡರು. ಲೇಸರಿನಿಂದ ಬೇಡದ ಆವೃತ್ತಿಯ ಅಯಾನುಗಳನ್ನು ಬದಿಗೆ ಸರಿಸಿ, ಉಳಿದವು ಸಮಾನ ಅಂತರದ ಹಲ್ಲುಗಳಾಗಿ ನಿಲ್ಲುವಂತೆ ಮಾಡುವುದು. ಆವೃತ್ತಿಯ ಪಟ್ಟಿಯ ಮೇಲೆ ನೋಡಿದರೆ ಬಾಚಣಿಗೆಯ ಆಕಾರ. ಹಲ್ಲುಗಳ ಅಂತರ ಸಮವಾಗಿರುವುದರಿಂದ ಚದರಿದ ತಾಳ ಗೊತ್ತಾದ ಗಳಿಗೆಯಲ್ಲಿ ತಾನಾಗಿಯೇ ಕೂಡಿಬರುತ್ತದೆ. ಅಂತರ ಒಂದು ಮೆಗಾಹರ್ಟ್ಸ್ ಇದ್ದರೆ ಒಂದು ಮೈಕ್ರೋಸೆಕೆಂಡಿನಲ್ಲಿ ಬೆಳಕು ಮರಳುತ್ತದೆ. ಕೆರಳಿಸುವ ಮಿಡಿತವಿಲ್ಲ, ವಿದ್ಯುತ್ತಿನ ಅದಲುಬದಲಿಲ್ಲ.

ವಿಧಾನದ ನಿಜವಾದ ಲಾಭ ಬೇರೆಡೆ ಇತ್ತು. ಎಷ್ಟು ಮಿಡಿತಗಳನ್ನು ಒಟ್ಟಿಗೆ ಇಟ್ಟುಕೊಳ್ಳಬಹುದು ಎಂಬುದು ಬೇರೆ ವಿಧಾನಗಳಲ್ಲಿ ಹರಳು ಬೆಳಕನ್ನು ಎಷ್ಟು ಗಾಢವಾಗಿ ಹೀರುತ್ತದೆ ಎಂಬುದಕ್ಕೆ ಕಟ್ಟುಬಿದ್ದಿತ್ತು. ಬಾಚಣಿಗೆಯಲ್ಲಿ ಹಲ್ಲುಗಳ ಸಂಖ್ಯೆ ಹೆಚ್ಚಿಸಿದರೆ ಸಾಕು. 2010ರಲ್ಲಿ ಜಿನೀವಾದವರು 64 ಮಿಡಿತಗಳನ್ನು ಒಂದೇ ಹರಳಿನಲ್ಲಿ ಸಾಲಾಗಿ ಇಟ್ಟು ಸಾಲಾಗಿಯೇ ತೆಗೆದರು. ಫೈಬರಿನಲ್ಲಿ ಒಂದು ಪ್ರಯತ್ನ ಗೆದ್ದಿತೋ ಸೋತಿತೋ ಎಂಬ ಸುದ್ದಿ ಬರಲು ಮಿಲಿಸೆಕೆಂಡುಗಳು ಬೇಕು. ಆ ಹೊತ್ತಿನಲ್ಲಿ ಒಂದರ ಬದಲು ಅರವತ್ತನಾಲ್ಕು ಪ್ರಯತ್ನ ಮಾಡಬಲ್ಲ ಸ್ಮೃತಿ ಅರವತ್ತನಾಲ್ಕು ಪಟ್ಟು ಬೇಗ ಕೆಲಸ ಮುಗಿಸುತ್ತದೆ.

2011ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನಗಳು ಬಂದವು. ಜಿನೀವಾದವರು ನಿಯೋಡಿಮಿಯಂ ಹರಳಿನಲ್ಲಿ, ಕ್ಯಾಲ್ಗರಿಯ ವೋಲ್ಫ್‌ಗಾಂಗ್ ಟಿಟ್ಟೆಲ್ ತಂಡದವರು ಥುಲಿಯಂ ಬೆರೆಸಿದ ಲಿಥಿಯಂ ನಯೋಬೇಟ್‌ನಲ್ಲಿ, ಹೆಣೆದುಕೊಂಡ ಫೋಟಾನ್ ಜೋಡಿಯ ಒಂದನ್ನು ಹರಳಿಗೆ ಒಪ್ಪಿಸಿ ಹೆಣಿಗೆ ಕೆಡದಂತೆ ಮರಳಿ ಪಡೆದಿದ್ದರು. ಎರಡೂ ಕಡೆ ಬಳಸಿದ್ದು ಬಾಚಣಿಗೆಯನ್ನೇ. 2014ರಲ್ಲಿ ಒಟ್ಟು 25 ಕಿಲೋಮೀಟರ್ ಫೈಬರಿನ ಮೂಲಕ ಹರಳಿಗೆ ಟೆಲಿಪೋರ್ಟೇಶನ್, ಅಂದರೆ ಕಣವನ್ನಲ್ಲ, ಅದರ ಸ್ಥಿತಿಯನ್ನಷ್ಟೇ ದಾಟಿಸುವುದು, ನಡೆಯಿತು. 2021ರಲ್ಲಿ ಬಾರ್ಸಿಲೋನಾ ಬಳಿಯ ಇಕ್ಫೋ ಸಂಸ್ಥೆಯ ರೀಡ್‌ಮ್ಯಾಟನ್ ತಂಡವೂ ಚೀನದ ಹೆಫೆಯ ತಂಡವೂ ಬೇರೆಬೇರೆಯಾಗಿ ಇಟ್ಟ ಎರಡು ಹರಳುಗಳನ್ನು ಹೆಣೆದು, ಹೆಣೆದುದಕ್ಕೆ ಸೂಚನೆಯನ್ನೂ ಪಡೆದವು.

ಒಬ್ಬ ವಿಜ್ಞಾನಿಯ ಪ್ರಭಾವ ಅಳೆಯಲು ಉಲ್ಲೇಖಗಳ ಎಣಿಕೆ ಹಿಡಿದು ಕೂರುವ ಅಭ್ಯಾಸ ನಮ್ಮ ವಿಶ್ವವಿದ್ಯಾಲಯಗಳಿಗೂ ಬಂದಿದೆ. ನನಗೆ ಕಾಣುವ ಅಳತೆ ಬೇರೆ. ಅತಿ ಹೆಚ್ಚು ಕಾಲ, ಅತಿ ಹೆಚ್ಚು ದಕ್ಷತೆಯ ಹೆಸರಾಂತ ದಾಖಲೆಗಳು ಜಿನೀವಾದ ಪಾಲಿಗೆ ಬಂದಿಲ್ಲ. ಆದರೆ ಬೇರೆ ಊರಿನವರು, ಬೇರೆ ಧಾತು ಬೆರೆಸಿದ ಬೇರೆ ಹರಳಿನಲ್ಲಿ, ಮೂಲದವರನ್ನು ಕೇಳದೆಯೇ ಮಾಡಬಲ್ಲ ವಿಧಾನವೊಂದನ್ನು ಆ ನಾಲ್ವರು ಕೊಟ್ಟರು. 2021ರಲ್ಲಿ ಹೆಫೆಯವರು ಬೆಳಕನ್ನು ಒಂದು ತಾಸು ಇಟ್ಟು ತೆಗೆದಾಗ ಸೆಲ್ಲರ್ಸ್‌ರ ಕಾಂತಬಿಂದುವನ್ನೂ ಅಫ್ಜೆಲಿಯಸ್‌ರ ಬಾಚಣಿಗೆಯನ್ನೂ ಕೂಡಿಸಿದ್ದರು. ಪ್ರಭಾವವೆಂದರೆ ಇದು.

ಕೊರತೆಗಳೂ ಸಣ್ಣವಲ್ಲ. ಬರೀ ಬಾಚಣಿಗೆಯಿಂದ ಮುಂದಿಕ್ಕಿನಲ್ಲಿ ಸಿಗುವ ದಕ್ಷತೆ 54 ಪ್ರತಿಶತ ಮೀರದು. ಕನ್ನಡಿಗಳ ನಡುವೆ ಹರಳನ್ನಿಟ್ಟು ಲುಂಡ್‌ನವರು 2013ರಲ್ಲಿ 56ಕ್ಕೆ ಏರಿಸಿದರು. ಬೆಳಕು ಮರಳುವ ಗಳಿಗೆ ಮೊದಲೇ ನಿಗದಿ. ಬೇಕೆಂದಾಗ ತೆಗೆಯಲು ಅದನ್ನು ಅಯಾನಿನ ಗಿರಕಿಗೆ ವರ್ಗಾಯಿಸಬೇಕು, ಅದಕ್ಕೆ ಮತ್ತೆ ಪ್ರಖರ ಲೇಸರು ಬೇಕು, ಅಲ್ಲಿಗೆ ಹಳೆಯ ಗದ್ದಲ ಹಿಂಬಾಗಿಲಿನಿಂದ ಬರುತ್ತದೆ. ಒಂದು ಫೋಟಾನಿನಷ್ಟು ಮಂದ ಬೆಳಕಿನಲ್ಲಿ ಬರೆದ ಕ್ಯೂಬಿಟ್ಟನ್ನು (ಕ್ವಾಂಟಮ್ ಮಾಹಿತಿಯ ಒಂದು ಘಟಕವನ್ನು) ಹಾಗೆ 20 ಮಿಲಿಸೆಕೆಂಡು ಇಡಲು ಜಿನೀವಾದವರಿಗೆ 2022ರವರೆಗೆ ಹಿಡಿಯಿತು.

ವಜ್ರದವರು

ಕೋಟ್ಯಂತರ ಅಯಾನುಗಳ ಗುಂಪೇ ಬೇಡ, ಒಂದೇ ಒಂದು ಕಲ್ಮಷ ಸಾಕು ಎನ್ನುವವರ ಪಂಥವೊಂದಿದೆ. ವಜ್ರದಲ್ಲಿ ಒಂದು ಇಂಗಾಲದ ಜಾಗಕ್ಕೆ ಸಾರಜನಕ ಬಂದು ಪಕ್ಕದ ಜಾಗ ಖಾಲಿಯಿದ್ದರೆ ಅಲ್ಲೊಂದು ಕೃತಕ ಪರಮಾಣು ಹುಟ್ಟುತ್ತದೆ. ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್‌ನಲ್ಲಿ ರೊನಾಲ್ಡ್ ಹ್ಯಾನ್ಸನ್ ಗುಂಪು 2021ರಲ್ಲಿ ಇಂಥ ಮೂರು ಗಂಟುಗಳ ಜಾಲ ಕಟ್ಟಿತು. ಹಾರ್ವರ್ಡಿನ ಮಿಖಾಯಿಲ್ ಲ್ಯೂಕಿನ್ ತಂಡ ಸಿಲಿಕಾನ್ ಕಲ್ಮಷ ಹಿಡಿದು 2020ರಲ್ಲಿ ಸ್ಮೃತಿಯಿದ್ದರೆ ಗೂಢಲಿಪಿ ನಿಜಕ್ಕೂ ವೇಗವಾಗುತ್ತದೆಂದು ತೋರಿಸಿತು. 2024ರಲ್ಲಿ ಬಾಸ್ಟನ್ ಪ್ರದೇಶದಲ್ಲಿ ನೆಲದಡಿಯ 35 ಕಿಲೋಮೀಟರ್ ಫೈಬರಿನ ಮೂಲಕ ಎರಡು ಸ್ಮೃತಿಗಳನ್ನು ಹೆಣೆಯಿತು. ಒಂಟಿ ಕಲ್ಮಷದ ಬಲ ಲೆಕ್ಕಾಚಾರದಲ್ಲಿದೆ: ಅದು ಇಟ್ಟುಕೊಳ್ಳುವುದಷ್ಟೇ ಅಲ್ಲ, ತಪ್ಪು ತಿದ್ದಬಲ್ಲದು. ಗುಂಪಿನ ಹರಳಿಗೆ ಅದು ಕಷ್ಟ. ಆದರೆ ಅರವತ್ತನಾಲ್ಕು ಕಣಗಳನ್ನು ಒಟ್ಟಿಗೆ ಇಡು ಎಂದರೆ ಒಂಟಿಗ ಕೈಚೆಲ್ಲುತ್ತಾನೆ.

ಸ್ಮೃತಿಯೇ ಬೇಡ ಎನ್ನುವವರು

ಚೀನ 2017ರಲ್ಲಿ ಬೀಜಿಂಗ್‌ನಿಂದ ಶಾಂಘೈವರೆಗೆ ಸುಮಾರು 2000 ಕಿಲೋಮೀಟರ್ ಕ್ವಾಂಟಮ್ ಮಾರ್ಗ ತೆರೆಯಿತು, ಒಂದೂ ಸ್ಮೃತಿಯಿಲ್ಲದೆ. ನಡುವಿನ ಠಾಣೆಗಳನ್ನು ನಂಬಬೇಕು, ಅಷ್ಟೆ. ಅದೇ ವರ್ಷ ಅದರ ಉಪಗ್ರಹ 1200 ಕಿಲೋಮೀಟರ್ ಅಂತರದ ಎರಡು ನೆಲೆಗಳಿಗೆ ಹೆಣೆದ ಫೋಟಾನ್ ಹಂಚಿತು. 2023ರಲ್ಲಿ ‘ಅವಳಿ ಕ್ಷೇತ್ರ’ ವಿಧಾನದಿಂದ ಸಾವಿರ ಕಿಲೋಮೀಟರ್ ದಾಟಿದ ಫೈಬರಿನಲ್ಲಿ ಕೀಲಿ ಹಂಚಿದ ಪ್ರಯೋಗವೂ ಬಂತು. ಬರೀ ಕೀಲಿ ಹಂಚುವುದಾದರೆ ಇವರ ವಾದ ಗಟ್ಟಿ. ದೂರದ ಕ್ವಾಂಟಮ್ ಕಂಪ್ಯೂಟರುಗಳನ್ನು ಜೋಡಿಸಬೇಕು ಎಂದ ಕೂಡಲೇ ವಾದ ಸಡಿಲಾಗುತ್ತದೆ.

ಬೆಂಗಳೂರು ಎಲ್ಲಿ ನಿಂತಿದೆ

2023ರ ಏಪ್ರಿಲ್ 19ರಂದು ಕೇಂದ್ರ ಸಂಪುಟ 6003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಅಭಿಯಾನಕ್ಕೆ ಒಪ್ಪಿಗೆ ಕೊಟ್ಟಿತು. 2030–31ರವರೆಗಿನ ಗುರಿಗಳಲ್ಲಿ 2000 ಕಿಲೋಮೀಟರ್ ಕೀಲಿ ಹಂಚಿಕೆಯೂ ಇದೆ, ಸ್ಮೃತಿಗಳನ್ನು ಒಳಗೊಂಡ ಬಹುನೆಲೆಯ ಕ್ವಾಂಟಮ್ ಜಾಲವೂ ಇದೆ. ಗಣನೆಯ ಕೇಂದ್ರ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದೆ. ಸಂವಹನದ್ದು ಮದ್ರಾಸ್ ಐಐಟಿಗೆ. ರಾಮನ್ 1948ರಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆಯಲ್ಲಿ ಉರ್ಬಸಿ ಸಿನ್ಹಾ ತಂಡ ಇಸ್ರೋ ಜೊತೆಗೂಡಿ ಉಪಗ್ರಹ ಮಾರ್ಗದ ಕಡೆ ಕೆಲಸ ಮಾಡಿದೆ. ಪರಮಾಣು ಅನಿಲದಲ್ಲಿ ಬೆಳಕಿಗೆ ಕಿಂಡಿ ತೆರೆಯುವ ವಿದ್ಯೆಯಲ್ಲೂ ಅಲ್ಲಿ ಆಂಡಾಳ್ ನಾರಾಯಣನ್ ಅಂಥವರ ಅನುಭವವಿದೆ.

ಅಂದರೆ ಕಳಿಸುವ ಕಲೆ, ಅನಿಲದಲ್ಲಿ ತಡೆಯುವ ಕಲೆ ಎರಡಕ್ಕೂ ಊರಲ್ಲಿ ಬೇರಿದೆ. ಜಿನೀವಾ, ಕ್ಯಾನ್‌ಬೆರಾ, ಹೆಫೆಗಳನ್ನು ಮುಂದೆ ನಿಲ್ಲಿಸಿದ ದಾರಿ ಮಾತ್ರ ಹರಳಿನದು. ಆ ಹರಳನ್ನು ಇರಿಡಿಯಂ ಮೂಸೆಯಲ್ಲಿ 2000 ಡಿಗ್ರಿ ಆಸುಪಾಸಿನ ಕಾವಿನಲ್ಲಿ ಕರಗಿಸಿ, ಬೀಜಹರಳನ್ನು ತಾಗಿಸಿ, ತಿರುಗಿಸುತ್ತ ಮೆಲ್ಲಗೆ ಮೇಲೆಳೆಯಬೇಕು. ಇದು ಪ್ರಬಂಧಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ, ಕೈಗೆ ಬರಲು ವರ್ಷಗಳು ಬೇಕಾಗುವ ಕಸುಬು.

ಇನ್ನೂ ಇತ್ಯರ್ಥವಾಗದವು

ಮೊದಲನೆಯದು, ಒಂದೇ ಹರಳಿನಲ್ಲಿ ಎಲ್ಲ ಗುಣ. 69 ಪ್ರತಿಶತ ಒಂದು ಕಡೆ, ಒಂದು ತಾಸು ಇನ್ನೊಂದು ಕಡೆ, 64 ಮಿಡಿತ ಮತ್ತೊಂದು ಕಡೆ. ಒಂಟಿ ಫೋಟಾನಿಗೆ ಇವೆಲ್ಲವನ್ನೂ ಒಟ್ಟಿಗೆ ಕೊಟ್ಟ ಸಾಧನವನ್ನು ಯಾರೂ ತೋರಿಸಿಲ್ಲ. ಇವು ಒಂದಕ್ಕೊಂದು ಒಳಗೊಳಗೇ ವಿರೋಧವೋ, ಬರೀ ಕೈಚಳಕದ ಕೊರತೆಯೋ ಎಂಬುದೂ ತಿಳಿಯಾಗಿಲ್ಲ.

ಎರಡನೆಯದು ಬಣ್ಣದ ತಕರಾರು. ಫೈಬರಿಗೆ ಹಿತವಾದದ್ದು 1.5 ಮೈಕ್ರಾನಿನ ಬೆಳಕು. ಯುರೋಪಿಯಂ, ಪ್ರಸಿಯೋಡಿಮಿಯಂಗಳಿಗೆ ಬೇಕಾದದ್ದು ಹಳದಿ, ಕೇಸರಿ ಬಣ್ಣಗಳ ಬೆಳಕು. ಎರ್ಬಿಯಂ ಒಂದೇ ಫೈಬರಿನ ಬಣ್ಣಕ್ಕೆ ಓಗೊಡುತ್ತದೆ, ಆದರೆ ಅದರ ಗಿರಕಿ ಚಂಚಲ. 2018ರಲ್ಲಿ ಸೆಲ್ಲರ್ಸ್ ತಂಡ 7 ಟೆಸ್ಲಾ ಕಾಂತಕ್ಷೇತ್ರದಲ್ಲಿ ಅದನ್ನು ಒಂದು ಸೆಕೆಂಡಿಗಿಂತ ಹೆಚ್ಚು ಕಾಲ ಹಿಡಿದಿಟ್ಟಿತು. ಪ್ರತಿ ಠಾಣೆಯಲ್ಲೂ ಅಂಥ ಕಾಂತವನ್ನೂ ದ್ರವ ಹೀಲಿಯಮ್ಮಿನ ಶೈತ್ಯವನ್ನೂ ಇಟ್ಟು ನಡೆಸುವ ಖರ್ಚನ್ನು ಯಾರು ಹೊರಬೇಕು? ಬಣ್ಣ ಬದಲಿಸುವ ಸಾಧನ ನಡುವೆ ಇಡುವುದು ಅಗ್ಗವೋ, ಎರ್ಬಿಯಮ್ಮನ್ನು ಪಳಗಿಸುವುದು ಅಗ್ಗವೋ? ಎರಡೂ ಕಡೆ ಹಣ ಸುರಿಯುತ್ತಿದೆ.

ಮೂರನೆಯದು, ಗುಂಪೋ ಒಂಟಿಯೋ. ನನ್ನ ಅನಿಸಿಕೆ, ದೂರದ ದಾರಿಗೆ ಗುಂಪಿನ ಹರಳು, ಕಂಪ್ಯೂಟರಿನ ಹೊಸ್ತಿಲಿಗೆ ವಜ್ರ ಎಂದು ಕೆಲಸ ಹಂಚಿಹೋದೀತು. ಎರಡನ್ನೂ ಒಂದೇ ಜಾಲದಲ್ಲಿ ಕೂಡಿಸಿ ನಡೆಸುವ ತನಕ ಇದು ಅನಿಸಿಕೆಯೇ.

ನಾಲ್ಕನೆಯದು ನಮ್ಮದೇ. ಅಭಿಯಾನದ ಹಣ ಲೇಸರಿಗೆ, ಶೈತ್ಯಯಂತ್ರಕ್ಕೆ, ಕಟ್ಟಡಕ್ಕೆ ಹೋಗುತ್ತದೆ. ಪ್ರಸಿಯೋಡಿಮಿಯಂ, ನಿಯೋಡಿಮಿಯಂ ಕೇರಳದ ಕಡಲ ಮರಳಲ್ಲೇ ಇವೆ. ಅವನ್ನು ಶುದ್ಧಮಾಡಿ ಬೇಕಾದ ಹರಳನ್ನು ಇಲ್ಲೇ ಬೆಳೆಸುವ ಒಂದು ಕುಲುಮೆಗೆ ಆ ಹಣದಲ್ಲಿ ಪಾಲು ಸಿಗಲಿ, ಅದರ ಮುಂದೆ ಕೂರುವ ಹುಡುಗ ಹುಡುಗಿಯರಿಗೆ ಹತ್ತು ವರ್ಷದ ನೆಮ್ಮದಿಯ ನೌಕರಿಯೂ ಸಿಗಲಿ. ಗುರಿಗೆ ಹಾಕಿಕೊಂಡ ಗಡುವು 2031ರ ಮಾರ್ಚಿಗೆ ಮುಗಿಯುತ್ತದೆ.